ನೆರೆಗೆ ಎತ್ತರ, ಗಾಲಿಕುರ್ಚಿಗೆ ಸಮತಟ್ಟು: ಕಾವೇರಿ ದಂಡೆಯಲ್ಲಿ ನಾವು ಮನೆ ಕಟ್ಟಿದ ಬಗೆ

ಹೊಳೆಯ ದಂಡೆಯಲ್ಲಿ ಮನೆ ಕಟ್ಟುವಾಗ ಎರಡು ಬೇಡಿಕೆಗಳು ಎದುರುಬದುರಾಗಿ ನಿಲ್ಲುತ್ತವೆ. ನೆರೆನೀರಿಗೆ ಹೆದರಿದರೆ ಮನೆಯ ನೆಲವನ್ನು ಆದಷ್ಟು ಎತ್ತರಿಸಬೇಕು. ಮನೆಯಲ್ಲಿ ಗಾಲಿಕುರ್ಚಿಯವರೂ ಮಂಡಿನೋವಿನವರೂ ಇದ್ದರೆ ಆ ನೆಲ ಅಂಗಳಕ್ಕೆ ಸಮನಾಗಿಯೇ ಇರಬೇಕು. ಕೊಡಗಿನ ಸಿದ್ದಾಪುರದ ಸಮೀಪ ಕಾವೇರಿಗೆ ಹೊಂದಿಕೊಂಡಿರುವ ನಮ್ಮ ಕಾಫಿ ತೋಟದಲ್ಲಿ ಹೊಸ ಮನೆಯ ಮಾತು ಆರಂಭವಾದಾಗ ಇವೆರಡನ್ನೂ ಒಟ್ಟಿಗೆ ಈಡೇರಿಸುವುದು ಹೇಗೆಂಬುದೇ ಮೊದಲ ಪ್ರಶ್ನೆಯಾಗಿತ್ತು. ಕಿಟಕಿಯ ಅಳತೆಯಿಂದ ಹಿಡಿದು ಬಚ್ಚಲಿನ ನಲ್ಲಿಯವರೆಗೆ ಮುಂದೆ ಕೈಗೊಂಡ ಹೆಚ್ಚಿನ ತೀರ್ಮಾನಗಳು ಈ ಒಂದು ಪ್ರಶ್ನೆಗೆ ಸಿಕ್ಕ ಉತ್ತರವನ್ನೇ ಅವಲಂಬಿಸಿದವು.

ಮನೆಯಲ್ಲಿ ನಾವು ನಾಲ್ಕು ತಲೆಮಾರಿನವರಿದ್ದೇವೆ. ಮಾವನವರ ತಾಯಿಗೆ ತೊಂಬತ್ತರ ಹತ್ತಿರದ ವಯಸ್ಸು. ನಡೆಯುತ್ತಾರೆ, ಆದರೆ ಕಣ್ಣು ಮಂದವಾಗಿದೆ. ಮಾವನವರಿಗೆ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲುಗಳ ಬಲ ಹೋಗಿದೆ. ಅತ್ತೆಯವರು ಮಂಡಿ ಸವೆದು ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಇಳಿಯುತ್ತಾರೆ. ಉಳಿದಂತೆ ನಾನು, ನನ್ನ ಗಂಡ, ಹೈಸ್ಕೂಲಿಗೆ ಹೋಗುವ ಮಗ ಮತ್ತು ಸಿಕ್ಕಿದ್ದನ್ನೆಲ್ಲ ಹತ್ತುವ ಐದು ವರ್ಷದ ಮಗಳು. ಹಳೆಯ ಮನೆ ತೋಟದ ಕೆಳಭಾಗದಲ್ಲಿ, ಹೊಳೆಗೆ ಹತ್ತಿರದಲ್ಲಿತ್ತು. 2018ರ ಮಳೆಗಾಲದಲ್ಲಿ ನೀರು ಅಂಗಳದವರೆಗೆ ಬಂದು ಹಿಂದಿರುಗಿತು. ಕರಡಿಗೋಡು, ನೆಲ್ಲಿಹುದಿಕೇರಿಯ ದಂಡೆಯಲ್ಲಿ ಅನೇಕ ಕುಟುಂಬಗಳು ಮನೆ ಕಳೆದುಕೊಂಡ 2019ರ ಆಗಸ್ಟ್‌ನಲ್ಲಿ ಅದು ನಮ್ಮ ಮನೆಯೊಳಕ್ಕೂ ನುಗ್ಗಿ, ಕಿಟಕಿಯ ಕೆಳಪಟ್ಟಿಯ ಎತ್ತರದಲ್ಲಿ ಗೋಡೆಯುದ್ದಕ್ಕೂ ಕೆಸರಿನ ಗೆರೆಯನ್ನು ಬಿಟ್ಟುಹೋಯಿತು. ಹೊಳೆ ಹರಿದುಬರುವ ಮೇಲ್ಭಾಗದ ಭಾಗಮಂಡಲದ ಕಡೆ ಬಿಡದೆ ಸುರಿದರೆ ನಮ್ಮಲ್ಲಿ ಮಳೆ ಸಣ್ಣದಿದ್ದರೂ ಹೊಳೆ ಏರುತ್ತದೆ ಎಂಬುದು ಈ ದಂಡೆಯವರೆಲ್ಲರಿಗೂ ತಿಳಿದ ಮಾತು. ಆದರೆ ಗಾಲಿಕುರ್ಚಿಯವರನ್ನು ರಾತ್ರೋರಾತ್ರಿ ಮೆಟ್ಟಿಲಿಳಿಸಿ ಸಾಗಿಸಬೇಕಾದ ಮನೆಗೆ ಅಂಥ ಮುನ್ಸೂಚನೆಯ ಸಮಯ ಸಾಲದು.

ಕುಶಾಲನಗರದ ಸಮತಟ್ಟಾದ ಜಾಗದಲ್ಲಿ ಲಿಫ್ಟ್ ಇರುವ ಫ್ಲ್ಯಾಟ್ ಕೊಳ್ಳುವುದು ಲೇಸೆಂದು ಮೈದುನ ಹೇಳಿದರು. ತೋಟ ಬಿಟ್ಟು ಮಾವ ಹೊರಡುವವರಲ್ಲ ಎಂಬುದು ಅವರಿಗೂ ಗೊತ್ತಿದ್ದುದರಿಂದ ಆ ಮಾತು ಅಲ್ಲಿಗೇ ನಿಂತಿತು.

ಮೊದಲು ಬಂದ ಗುತ್ತಿಗೆದಾರರೊಬ್ಬರು ಹಳೆಯ ಮನೆಯ ಜಾಗದಲ್ಲೇ ಒಂದೂವರೆ ಮೀಟರ್ ಮಣ್ಣು ತುಂಬಿಸಿ, ಸುತ್ತ ತಡೆಗೋಡೆ ಕಟ್ಟಿ, ಮೇಲೆ ಮನೆ ನಿಲ್ಲಿಸುವ ಲೆಕ್ಕ ಕೊಟ್ಟರು. ತುಂಬಿಸುವ ಮಣ್ಣನ್ನು ರಸ್ತೆಯ ಬದಿಯ ಬರೆಯನ್ನು (ಕಡಿದಾದ ಮಣ್ಣಿನ ದಿಬ್ಬವನ್ನು) ಜೆಸಿಬಿಯಲ್ಲಿ ಕಡಿದು ತರುವುದೆಂದು ಅವರ ಎಣಿಕೆ. ಮಾವನವರಿಗೆ ದಾರಿ ಹೇಗೆಂದು ಕೇಳಿದರೆ, ‘ಒಂದು ರ‍್ಯಾಂಪ್ ಹಾಕೋಣ ಬಿಡಿ’ ಎಂದರು. ರ‍್ಯಾಂಪ್‌ನ ಲೆಕ್ಕ ಅಷ್ಟು ಹಗುರವಾದದ್ದಲ್ಲ. ನಮ್ಮ ದೇಶದ ಕಟ್ಟಡ ಸಂಹಿತೆಯ ಪ್ರಕಾರ ಗಾಲಿಕುರ್ಚಿಯ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. 9 ಮೀಟರ್ ಸಾಗಿದ ಮೇಲೆ ಕುರ್ಚಿ ನಿಂತು ಸುಧಾರಿಸಿಕೊಳ್ಳಲು ಸಮತಟ್ಟಾದ ಜಾಗ ಬೇಕು. ಒಂದೂವರೆ ಮೀಟರ್ ಏರಲು 18 ಮೀಟರ್, ನಡುವಿನ ತಂಗುಜಾಗವೂ ಸೇರಿದರೆ ಸುಮಾರು 20 ಮೀಟರ್ ಉದ್ದದ ಇಳಿಜಾರು. ಅಷ್ಟೂ ಉದ್ದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ನೆನೆದು ಪಾಚಿ ಹಿಡಿಯುತ್ತದೆ. ಜೊತೆಗೆ, ಮಂಡಿನೋವಿರುವ ಅತ್ತೆಯವರು ಮಾವನವರ ಕುರ್ಚಿಯನ್ನು 1:12ರ ಏರಿನಲ್ಲಿ ತಳ್ಳುವುದು ನಿಯಮದ ಪುಸ್ತಕದಲ್ಲಿ ಸಾಧ್ಯವಿದ್ದರೂ ನಮ್ಮ ಅಂಗಳದಲ್ಲಿ ಸಾಧ್ಯವಿರಲಿಲ್ಲ. ಬರೆ ಕಡಿಯುವ ಮಾತಂತೂ ನನಗೆ ಹಿಡಿಸಲೇ ಇಲ್ಲ. 2018ರಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದನ್ನು ಕಂಡ ಮೇಲೆಯೂ ಇಳಿಜಾರಿನ ಬುಡವನ್ನು ಲಂಬವಾಗಿ ಕತ್ತರಿಸಿ, ಅದರ ಕೆಳಗೆ ಮಲಗುವ ಧೈರ್ಯ ಕೊಡಗಿನಲ್ಲಿ ಯಾರಿಗಾದರೂ ಹೇಗೆ ಬರುತ್ತದೆಯೋ ತಿಳಿಯದು.

ದಾರಿ ತೋರಿಸಿದವರು ಮೈಸೂರಿನಿಂದ ಬಂದ ಆರ್ಕಿಟೆಕ್ಟ್, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರು ಮನೆಯ ನಕ್ಷೆಯ ಮಾತನ್ನೇ ಎತ್ತದೆ, ತೋಟದ ಮೇಲ್ಭಾಗದ ರಸ್ತೆ ಕೆಸರಿನ ಗೆರೆಗಿಂತ ಎಷ್ಟು ಎತ್ತರದಲ್ಲಿದೆ ಎಂದು ಕೇಳಿದರು. ಅದನ್ನು ನಮ್ಮಲ್ಲಿ ಯಾರೂ ಅಳೆದಿರಲಿಲ್ಲ. ಮೇಸ್ತ್ರಿ ಪಾರದರ್ಶಕ ಪೈಪಿನ ಸುರುಳಿಯೊಂದನ್ನು ತಂದು, ಗುಳ್ಳೆಗಳೆಲ್ಲ ಹೋಗುವವರೆಗೆ ನೀರು ತುಂಬಿಸಿದರು. ಒಂದು ತುದಿಯನ್ನು ನನ್ನ ಗಂಡ ಮೇಲೆ ಗೂಟಕ್ಕೆ ಒತ್ತಿ ಹಿಡಿದರೆ ಇನ್ನೊಂದು ತುದಿಯನ್ನು ಹಿಡಿದು ಮೇಸ್ತ್ರಿ ಕಾಫಿಗಿಡಗಳ ಸಂದಿನಲ್ಲಿ ಕೆಳಗಿಳಿದರು. ಪೈಪಿನ ನೀರು ಎರಡೂ ಕಡೆ ನಿಂತಲ್ಲಿ ಪೆನ್ಸಿಲ್ ಗೆರೆ ಎಳೆದು, ಅಲ್ಲಿಂದ ಮುಂದಿನ ಗೂಟ, ಅಲ್ಲಿಂದ ಮತ್ತೊಂದು. ಹೀಗೆ ಹಳೆಯ ಮನೆಯ ಗೋಡೆಯನ್ನು ಮುಟ್ಟಿದಾಗ ರಸ್ತೆಯ ಅಂಚು 2019ರ ಗೆರೆಗಿಂತ ಒಂದಾಳಿಗೂ ಮಿಕ್ಕಿ ಎತ್ತರದಲ್ಲಿರುವುದು ಖಚಿತವಾಯಿತು. ‘ಹಾಗಾದರೆ ಮನೆಗೆ ಹತ್ತುವುದೇ ಬೇಡ, ರಸ್ತೆಯಿಂದ ನೇರವಾಗಿ ಒಳಗೆ ಬರೋಣ’ ಎಂದರು ಆರ್ಕಿಟೆಕ್ಟ್.

ಅವರ ಯೋಜನೆ ಇಷ್ಟು: ಮನೆಯ ನೆಲ ರಸ್ತೆಯ ಮಟ್ಟದಲ್ಲೇ ಇರುತ್ತದೆ, ಭೂಮಿ ಹೊಳೆಯ ಕಡೆ ಇಳಿದುಹೋದಂತೆ ಮನೆಯ ಹಿಂಭಾಗ ಕಾಂಕ್ರೀಟ್ ಕಂಬಗಳ ಮೇಲೆ ನಿಲ್ಲುತ್ತದೆ. ಬರೆಯನ್ನು ಕಡಿಯಬೇಕಿಲ್ಲ, ಮಣ್ಣು ತುಂಬಬೇಕಿಲ್ಲ, ನೆರೆ ಬಂದರೂ ಕಂಬಗಳ ನಡುವೆ ಹರಿದುಹೋಗಲು ಜಾಗವಿರುತ್ತದೆ. ಹೊಳೆಯ ನೋಟಕ್ಕೆಂದು ಕೆಳಗಿಳಿಯುವುದೂ ಬೇಡ, ಹಿಂದಿನ ಕೈಸಾಲೆಯಲ್ಲಿ (ತೆರೆದ ಜಗಲಿಯಲ್ಲಿ) ನಿಂತರೆ ಸಾಕು. ಇಷ್ಟು ದಿನ ನಾವು ತೊಡಕೆಂದು ಭಾವಿಸಿದ್ದ ಇಳಿಜಾರೇ ಎರಡು ಬೇಡಿಕೆಗಳನ್ನೂ ಒಂದುಗೂಡಿಸಿತು. ಗಟ್ಟಿ ಮಣ್ಣು ಸಿಗುವವರೆಗೆ ಕಂಬಗಳ ತಳಪಾಯವನ್ನು ಆಳಕ್ಕೆ ಒಯ್ಯಬೇಕಾದದ್ದರಿಂದ ಖರ್ಚು ಏರಿತು ನಿಜ. ತಡೆಗೋಡೆ, ಮಣ್ಣು, ಉದ್ದದ ರ‍್ಯಾಂಪ್ ಎಲ್ಲವನ್ನೂ ಕೂಡಿಸಿ ನೋಡಿದರೆ ಆ ವ್ಯತ್ಯಾಸ ದೊಡ್ಡದೇನಲ್ಲ. ಕಂಬಗಳ ನಡುವಿನ ಜಾಗವನ್ನು ಕಂಡವರೆಲ್ಲ ಅಲ್ಲೊಂದು ಗೋಡೌನ್ ಮಾಡಿ, ಒಂದು ಕೋಣೆ ಕಟ್ಟಿ ಎಂದು ಸಲಹೆ ಕೊಟ್ಟರು, ಈಗಲೂ ಕೊಡುತ್ತಾರೆ. ಗೋಡೆ ಎಬ್ಬಿಸಿದರೆ ನೀರಿನ ಒತ್ತಡವೆಲ್ಲ ಆ ಗೋಡೆಯ ಮೇಲೆ, ಅದರ ಮೂಲಕ ಕಂಬಗಳ ಮೇಲೆ ಬೀಳುತ್ತದೆಂಬ ಕಾರಣಕ್ಕೆ ಅದನ್ನು ಬರಿದಾಗಿಯೇ ಬಿಟ್ಟಿದ್ದೇವೆ. ಸೌದೆಯನ್ನೂ ಅಲ್ಲಿ ಒಟ್ಟುವುದಿಲ್ಲ, ನೆರೆಯಲ್ಲಿ ಅದು ತೇಲಿ ಹೋಗುತ್ತದೆ. ವಿದ್ಯುತ್ ಮೀಟರನ್ನು ರಸ್ತೆಯ ಕಡೆಯ ಗೋಡೆಗೆ ಹಾಕಿಸಿದೆವು. ಸೆಪ್ಟಿಕ್ ಟ್ಯಾಂಕನ್ನು ಮನೆಯ ಪಕ್ಕದಲ್ಲಿ, ಶೌಚಾಲಯದ ನೆಲಕ್ಕಿಂತ ತಗ್ಗಾದರೂ ಕೆಸರಿನ ಗೆರೆಗಿಂತ ಮೇಲೆ, ಬಾವಿಯಿಂದ ದೂರಕ್ಕೆ ಕೂರಿಸಿದೆವು.

ಕಾಗದಪತ್ರದ ಕೆಲಸವನ್ನು ವಿವರಿಸುವುದಿಲ್ಲ. ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಸೇರಿದ ಜಮ್ಮಾ ಜಾಗದ ಆರ್‌ಟಿಸಿಯಲ್ಲಿ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಿರುವಾಗ ಕುಟುಂಬದವರೆಲ್ಲರ ಒಪ್ಪಿಗೆ ಸಂಗ್ರಹಿಸುವುದೆಂದರೇನು ಎಂಬುದು ಕೊಡಗಿನವರಿಗೆ ತಿಳಿದಿದೆ, ಹೊರಗಿನವರಿಗೆ ಹೇಳಿ ಮುಗಿಯುವಂಥದ್ದಲ್ಲ.

ನಕ್ಷೆ ಸಿದ್ಧವಾದಾಗ ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದರಲ್ಲಿ ನನಗೇನೂ ಕಾಣುವುದಿಲ್ಲ ಮಗಳೇ, ನೆಲದ ಮೇಲೆ ಬರೆದು ತೋರಿಸಿ’ ಎಂದರು. ಕಾಫಿ ಒಣಗಿಸುವ ಕಣ ಆಗ ಖಾಲಿಯಿತ್ತು. ಆರ್ಕಿಟೆಕ್ಟ್ ಮತ್ತು ಮಗ ಸೇರಿ ಸುಣ್ಣದ ಪುಡಿಯಲ್ಲಿ ಇಡೀ ಮನೆಯನ್ನು ನಿಜವಾದ ಅಳತೆಯಲ್ಲೇ ಕಣದ ಮೇಲೆ ಬರೆದರು. ಬಾಗಿಲುಗಳ ಜಾಗದಲ್ಲಿ ಇಟ್ಟಿಗೆ, ಮಂಚದ ಜಾಗದಲ್ಲಿ ಗೋಣಿತಾಟು. ಮಾವ ಒಂದೊಂದೇ ಕೋಣೆಗೆ ಕುರ್ಚಿ ಉರುಳಿಸಿಕೊಂಡು ಹೋದರು. ನಕ್ಷೆಯಲ್ಲಿ 1.2 ಮೀಟರ್ ಅಗಲವಿದ್ದ ನಡುಹಾದಿ ನೇರ ಹೋಗಲು ಸಾಕಾಗುತ್ತಿತ್ತು. ಅದರಿಂದ ಮಲಗುವ ಕೋಣೆಯ ಕಡೆ ತಿರುಗುವಾಗ ಮಾತ್ರ ಕುರ್ಚಿಯ ಹಿಂದಿನ ಚಕ್ರ ಇಟ್ಟಿಗೆಗೆ ತಾಗುತ್ತಿತ್ತು. ಒಂದೇ ಕೈ ಮತ್ತು ಒಂದೇ ಕಾಲಿನ ಬಲದಿಂದ ಕುರ್ಚಿ ನಡೆಸುವವರು ಎಡಕ್ಕೂ ಬಲಕ್ಕೂ ಒಂದೇ ರೀತಿ ತಿರುಗಲಾರರೆಂಬುದು ಅಲ್ಲಿಯೇ ಕಂಡಿತು. ಬಾಗಿಲಿನ ಮುಂದೆ ಗೋಡೆಯನ್ನು ಒಳಕ್ಕೆ ಸರಿಸಿ, ಗೂಟಕ್ಕೆ ಹಗ್ಗ ಕಟ್ಟಿ 1.5 ಮೀಟರ್ ವ್ಯಾಸದ ವೃತ್ತ ಎಳೆದು, ಆ ವೃತ್ತ ಹಿಡಿಸುವಷ್ಟು ಜಾಗ ಮಾಡಿದರು. ಎಲ್ಲ ಬಾಗಿಲುಗಳಿಗೂ ಚೌಕಟ್ಟಿನೊಳಗಿನ ಅಗಲ 900 ಮಿಲಿಮೀಟರ್ ಎಂದು ನಿಗದಿಯಾಯಿತು. ಅಜ್ಜಿ ತಮ್ಮ ಕೋಣೆಯ ಸುಣ್ಣದ ಗೆರೆಯ ಒಳಗೆ ಕುರ್ಚಿ ಹಾಕಿಸಿಕೊಂಡು ಕುಳಿತು, ಅಡುಗೆಮನೆಯ ಸದ್ದು ಇಲ್ಲಿಗೆ ಕೇಳುತ್ತದೆಯೇ ಎಂದು ವಿಚಾರಿಸಿದರು. ಆ ಪ್ರಶ್ನೆಯಿಂದಾಗಿ ಅವರ ಕೋಣೆ ಮೂಲೆಯಿಂದ ಎದ್ದು ಅಡುಗೆಮನೆಯ ಪಕ್ಕಕ್ಕೆ ಬಂತು. ಮನೆ ಕಟ್ಟಿಸುವವರು ಯಾರೇ ಸಲಹೆ ಕೇಳಿದರೂ ನಾನು ಮೊದಲು ಹೇಳುವುದು ಈ ಸುಣ್ಣದ ಗೆರೆಗಳ ವಿಷಯವನ್ನೇ. ಅದಕ್ಕೆ ತಗಲುವ ಖರ್ಚು ಒಂದು ಚೀಲ ಸುಣ್ಣ ಮಾತ್ರ.

ಹೊಸ್ತಿಲಿನ ಚರ್ಚೆ ಎಲ್ಲಕ್ಕಿಂತ ಹೆಚ್ಚು ಕಾಲ ನಡೆಯಿತು. ‘ಹೊಸ್ತಿಲಿಲ್ಲದ ಮನೆಗೆ ಲಕ್ಷ್ಮಿ ಯಾವ ಕಡೆಯಿಂದ ಬರಬೇಕು?’ ಎಂದು ಅಜ್ಜಿ ಕೇಳಿದರೆ, ‘ಅವಳಿಗೂ ಮಂಡಿನೋವು ಇರಬಹುದು ಅವ್ವಾ’ ಎಂದು ಮಾವ ಉತ್ತರ ಕೊಟ್ಟರು. ಆದರೆ ಅಜ್ಜಿಯ ಆಕ್ಷೇಪದಲ್ಲಿ ಬಳಕೆಯ ಅರ್ಥವೂ ಇತ್ತು: ಹೊಸ್ತಿಲು ಮಳೆನೀರನ್ನೂ ಹಾವು, ಜಿಗಣೆಗಳನ್ನೂ ತಡೆಯುತ್ತದೆ. ಕೊನೆಗೆ ಹಳೆಯ ಮನೆಯ ತೇಗದ ಹೊಸ್ತಿಲನ್ನೇ ತಂದು, ಅದರ ಮೇಲ್ಮೈ ನೆಲದಿಂದ 10 ಮಿಲಿಮೀಟರ್ ಮಾತ್ರ ಎದ್ದು ಕಾಣುವಂತೆ ಹುಗಿಸಿ, ಎರಡೂ ಅಂಚುಗಳನ್ನು ಓರೆಯಾಗಿ ಕೆತ್ತಿಸಿದೆವು. ಕುರ್ಚಿಯ ಚಕ್ರ ಅದನ್ನು ಗಮನಿಸದೆ ದಾಟುತ್ತದೆ, ಅತ್ತೆ ಅದಕ್ಕೆ ಅರಿಸಿನ ಕುಂಕುಮ ಹಚ್ಚುತ್ತಾರೆ. ನೀರನ್ನು ತಡೆಯುವ ಕೆಲಸವನ್ನು ಬಾಗಿಲಿನ ಹೊರಗೆ ಜಾಲರಿ ಮುಚ್ಚಿದ ಕಿರುಚರಂಡಿಗೂ, ಗೋಡೆಯಿಂದ ನಾಲ್ಕಡಿ ಹೊರಚಾಚಿದ ಹಂಚಿನ ಮಾಡಿಗೂ ವಹಿಸಿದೆವು; ಬಾಗಿಲಿನ ಕೆಳಗೆ ದಟ್ಟವಾದ ಬ್ರಷ್‌ಪಟ್ಟಿ ಹೊಡೆಸಿದೆವು. ರಸ್ತೆಯಿಂದ ಬಾಗಿಲಿಗೆ ಬರುವ ಹಾದಿಗೆ ಉದ್ದಕ್ಕೂ ಮಾಡು ಇದೆ, ನೀರು ಒಳಗೆ ಹರಿಯದಂತೆ ಅದು ಬಾಗಿಲಿನಿಂದ ರಸ್ತೆಯ ಕಡೆಗೆ ಕಂಡೂ ಕಾಣದಷ್ಟು ಇಳಿಜಾರಾಗಿದೆ. ಕಾರು ನಿಲ್ಲುವ ಜಾಗವನ್ನು 3.6 ಮೀಟರ್ ಅಗಲ ಮಾಡಿದ್ದು ಮಾವ ಮಳೆಯಲ್ಲಿ ನೆನೆಯದೆ, ಅವಸರವಿಲ್ಲದೆ ಕಾರಿನ ಸೀಟಿನಿಂದ ಕುರ್ಚಿಗೆ ಸರಿಯುವುದಕ್ಕಾಗಿ.

ಬಚ್ಚಲುಮನೆಗೆ ಅಂಗಡಿಯವರು ತೋರಿಸಿದ ಸಿದ್ಧ ‘ಸೆಟ್’ ನಮಗೆ ಹೊಂದಲಿಲ್ಲ. ಅದರಲ್ಲಿ ಹಿಡಿಕೆ ಎಡಗಡೆಗಿತ್ತು, ಮಾವನವರಿಗೆ ಬಲವಿರುವುದು ಬಲಗೈಯಲ್ಲಿ. ಕಮೋಡ್ ಅನ್ನು ಬಲಗಡೆಯ ಗೋಡೆಯ ಪಕ್ಕಕ್ಕೆ ಸರಿಸಿ, 40 ಮಿಲಿಮೀಟರ್ ದಪ್ಪದ ಹಿಡಿಕೆಯನ್ನು ಆ ಗೋಡೆಗೆ ಕೂರಿಸಿದೆವು. ಎಡಗಡೆಗೆ ಬೇಡವಾದಾಗ ಮೇಲಕ್ಕೆ ಮಡಚಬಹುದಾದ ಇನ್ನೊಂದು ಹಿಡಿಕೆಯಿದೆ, ಅದು ಅಜ್ಜಿಗೆ. ಗೋಡೆ ಕಟ್ಟುವಾಗಲೇ ಹಿಡಿಕೆ ಬರುವ ಜಾಗದಲ್ಲಿ ಟೊಳ್ಳು ಇಟ್ಟಿಗೆಯ ಬದಲು ಕಾಂಕ್ರೀಟ್ ತುಂಬಿಸಬೇಕು. ಇಲ್ಲವಾದರೆ ಮನುಷ್ಯನ ಪೂರ್ತಿ ಭಾರ ಬಿದ್ದ ದಿನ ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಕಮೋಡಿನ ಎತ್ತರ 460 ಮಿಲಿಮೀಟರ್, ಕುರ್ಚಿಯ ಸೀಟಿಗೆ ಹತ್ತಿರ. ಬಿಸಿನೀರಿನ ವಿಷಯದಲ್ಲಿ ಸೋಲಾರ್ ನಮ್ಮ ಮಳೆಗಾಲಕ್ಕೆ ಉಪಯೋಗವಿಲ್ಲ, ಗೀಸರ್ ಕರೆಂಟು ಇದ್ದರೆ ಮಾತ್ರ. ಹೊರಗೋಡೆಗೆ ಸೌದೆ ಬಾಯ್ಲರ್ ಇರಿಸಿ ಪೈಪಿನಲ್ಲಿ ನೀರು ಒಳಗೆ ತಂದೆವು. ಪಾರ್ಶ್ವವಾಯು ಆದವರ ಬಲಹೀನ ಕೈಗೆ ಬಿಸಿಯ ಅರಿವೂ ಕಡಿಮೆಯಿರಬಹುದೆಂದು ಮಾವನವರಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಎಚ್ಚರಿಸಿದ್ದರಿಂದ, ನೀರು ಬೆರೆಸುವ ನಲ್ಲಿಯನ್ನು ಸ್ನಾನದ ಪೀಠದಲ್ಲಿ ಕುಳಿತವರ ಬಲಗೈಗೆ ಸಿಗುವಂತೆ ಇಡಿಸಿದೆವು. ಸ್ನಾನದ ಜಾಗಕ್ಕೂ ಉಳಿದ ನೆಲಕ್ಕೂ ಮಧ್ಯೆ ಕಟ್ಟೆಯಿಲ್ಲ. ನೆಲವೇ ಮೂಲೆಯ ಕಡೆ ಇಳಿಜಾರಾಗಿದೆ. ಹೊಳೆಯುವ ಟೈಲ್ಸ್ ಬೇಡವೆಂದು ಇಲ್ಲಿ ಒರಟು ಮೇಲ್ಮೈಯ ಗ್ರಾನೈಟ್ ಹಾಕಿಸಿದೆವು.

ಉಳಿದ ಕೋಣೆಗಳ ನೆಲವನ್ನು ಕೆಂಪು ಆಕ್ಸೈಡಿನಲ್ಲೇ ಮಾಡಿಸಬೇಕೆಂದು ಅಜ್ಜಿ ಹಟ ಹಿಡಿದಾಗ ಅದು ಹಳೆಯ ಮನೆಯ ಮೋಹವೆಂದು ನಾವೆಲ್ಲ ಅಂದುಕೊಂಡೆವು. ಗೋಡೆಯ ಬುಡದಲ್ಲಿ ಓಡುವ ಕಪ್ಪು ಪಟ್ಟಿಯನ್ನು ನೋಡಿಕೊಂಡೇ ಅವರು ಇಷ್ಟು ವರ್ಷ ಹಳೆಯ ಮನೆಯಲ್ಲಿ ನಡೆದಾಡುತ್ತಿದ್ದರೆಂಬುದು ಆರ್ಕಿಟೆಕ್ಟ್ ವಿಚಾರಿಸಿದಾಗಷ್ಟೇ ಹೊರಬಿತ್ತು. ಮಂದ ಕಣ್ಣಿಗೆ ಕೆಂಪಿನ ಪಕ್ಕದ ಕಪ್ಪು, ಬಿಳಿ ಗೋಡೆಯಲ್ಲಿನ ಕಡುಬಣ್ಣದ ಬಾಗಿಲ ಚೌಕಟ್ಟು ಸ್ಪಷ್ಟವಾಗಿ ಕಾಣುತ್ತವೆ. ನಡುಹಾದಿಯ ತುದಿಯ ದೊಡ್ಡ ಕಿಟಕಿಯಿಂದ ಬರುವ ಬೆಳಕು ಕಣ್ಣು ಕುಕ್ಕುತ್ತದೆ. ಆ ಕಿಟಕಿಯನ್ನು ಪಕ್ಕದ ಗೋಡೆಗೆ ಬದಲಾಯಿಸಿದೆವು. ನಡುಹಾದಿಯುದ್ದಕ್ಕೂ ಮರದ ಹಿಡಿಗಂಬಿ ಎರಡು ಸಾಲಿನಲ್ಲಿದೆ, ಮೇಲಿನದು ಅಜ್ಜಿಗೆ ಮತ್ತು ಅತ್ತೆಗೆ, ಕೆಳಗಿನದು ಮಾವನವರಿಗೆ ಮತ್ತು ಮಗಳಿಗೆ. ಸ್ಟೀಲ್ ಬೇಡವೆಂದದ್ದು ಮಳೆಗಾಲದ ಬೆಳಗಿನಲ್ಲಿ ಅದು ಕೈ ಕೊರೆಯುತ್ತದೆಂಬ ಕಾರಣಕ್ಕೆ.

ಹಿಂದಿನ ಕೈಸಾಲೆಯ ಕಟಕಟೆ ಮಾತ್ರ ನಮ್ಮನ್ನು ಚೆನ್ನಾಗಿ ಸತಾಯಿಸಿತು. ಕೆಳಗೆ ಎರಡು ಆಳಿನಷ್ಟು ಆಳ. ಹತ್ತುವ ಹುಡುಗಿ ಮನೆಯಲ್ಲಿರುವಾಗ ಅಡ್ಡಪಟ್ಟಿಗಳಿರಬಾರದು, ನೇರ ಸರಳುಗಳ ನಡುವೆ 100 ಮಿಲಿಮೀಟರಿಗಿಂತ ಹೆಚ್ಚಿನ ಸಂದು ಇರಬಾರದು, ಎತ್ತರವೂ ಸಾಕಷ್ಟು ಬೇಕು. ಬಿದಿರು ಕಟ್ಟಿ ಪರೀಕ್ಷೆ ಮಾಡಿದಾಗ ಮೇಲಿನ ದಪ್ಪ ಪಟ್ಟಿ ಮಾವನವರ ಕಣ್ಣಿಗೆ ನೇರ ಅಡ್ಡ ಬಂತು. ಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ 1.15 ಮೀಟರ್ ಎತ್ತರದಲ್ಲಿತ್ತು, ಪಟ್ಟಿಯೂ ಹೆಚ್ಚುಕಡಿಮೆ ಅಲ್ಲೇ. ‘ಹೊಳೆ ನೋಡಲೆಂದು ಇಷ್ಟೆಲ್ಲ ಮಾಡಿ, ಕೊನೆಗೆ ನನಗೆ ಕೋಲು ತೋರಿಸುತ್ತೀರಾ?’ ಎಂದರು. ಮೇಲಿನ ಪಟ್ಟಿಯ ಬದಲು ತೆಳುವಾದ ಉಕ್ಕಿನ ಸರಳನ್ನು 1.05 ಮೀಟರಿಗೆ ಇಳಿಸಿ ಬೆಸೆಸಿದ ಮೇಲೆ ನೋಟ ತೆರವಾಯಿತು. ಕೊಡವರ ಕುಲದ ಹಿರಿಮನೆಯಾದ ಐನ್‌ಮನೆಯ ಕೈಸಾಲೆಯಲ್ಲಿರುವಂತೆ ಕಂಬಗಳ ನಡುವೆ ಅಗಲವಾದ ಐಮರ (ಕೂರುವ ಮರದ ಹಲಗೆ) ಇರಬೇಕೆಂಬುದು ನನ್ನ ಗಂಡನ ಆಸೆಯಾಗಿತ್ತು. ಹೊಳೆಯ ಕಡೆ ಅದು ಮಕ್ಕಳಿಗೆ ಹತ್ತುವ ಮೆಟ್ಟಿಲಾಗುತ್ತದೆಂದು ನಾನು ಒಪ್ಪಲಿಲ್ಲ. ಅದನ್ನು ರಸ್ತೆಯ ಕಡೆಯ ಜಗಲಿಗೆ ಹಾಕಿಸಿದೆವು. ಅತ್ತೆ ಅದರ ಮೇಲೆ ಕುಳಿತು ಚಪ್ಪಲಿ ಕಳಚುತ್ತಾರೆ, ಮಾವ ಕುರ್ಚಿಯಿಂದ ಅದಕ್ಕೆ ಸರಿದು ಕೂರುತ್ತಾರೆ.

ನಡುಮನೆಯ ತೂಗುದೀಪ ಹಚ್ಚುವುದು ಮನೆಯ ಹಿರಿಯರಾಗಿ ಮಾವನವರ ಕೆಲಸ. ಕಾಯಿಲೆಯ ನಂತರ ಅದನ್ನು ನನ್ನ ಗಂಡ ಮಾಡುತ್ತಿದ್ದರು, ಮಾವ ದೂರದಿಂದ ನೋಡುತ್ತಿದ್ದರು. ಹೊಸ ಮನೆಯಲ್ಲಿ ದೀಪದ ಸರಪಳಿಯನ್ನು ರಾಟೆಯ ಮೇಲೆ ಹಾಯಿಸಿ, ಗೋಡೆಯ ಕೊಕ್ಕೆಗೆ ತಂದಿದ್ದೇವೆ. ಕೊಕ್ಕೆಯಿಂದ ಒಂದು ಕೊಂಡಿ ಬಿಡಿಸಿದರೆ ದೀಪ ಅವರ ಎದೆಯ ಮಟ್ಟಕ್ಕೆ ಇಳಿಯುತ್ತದೆ, ಹಚ್ಚಿ ಎಳೆದರೆ ನಿಂತವರ ತಲೆಗೆ ತಾಗದಷ್ಟು ಮೇಲೇರುತ್ತದೆ. ಆರ್ಕಿಟೆಕ್ಟ್‌ಗೆ ಇದು ಹೊಳೆದಿರಲಿಲ್ಲ, ಮೇಸ್ತ್ರಿಯ ಯೋಚನೆ. ಅಡುಗೆಮನೆಯಲ್ಲೂ ಒಂದು ಭಾಗದ ಕಟ್ಟೆಯನ್ನು 750 ಮಿಲಿಮೀಟರಿಗೆ ತಗ್ಗಿಸಿ, ಕೆಳಗೆ ಕಾಲು ಚಾಚಲು ಜಾಗ ಬಿಟ್ಟೆವು. ನೂಪುಟ್ಟು (ಅಕ್ಕಿ ಶಾವಿಗೆ) ಒತ್ತಲು ಮೈಭಾರ ಹಾಕಬೇಕಾಗುವುದರಿಂದ ತಗ್ಗಿನ ಕಟ್ಟೆಯೇ ಅನುಕೂಲವೆಂದು ಈಗ ಮಂಡಿನೋವಿಲ್ಲದ ನಾನೂ ಅಲ್ಲೇ ನಿಲ್ಲುತ್ತೇನೆ.

ಕೆಳಗಿನ ಕಣಕ್ಕೆ ಇಳಿಯಲು ಸಣ್ಣ ಲಿಫ್ಟ್ ಹಾಕಿಸಿಕೊಳ್ಳಿ ಎಂದು ಮಾರಾಟದವರೊಬ್ಬರು ಬೆನ್ನುಬಿದ್ದಿದ್ದರು. ಜುಲೈ ತಿಂಗಳಲ್ಲಿ ತಂತಿಯ ಮೇಲೆ ಮರ ಬಿದ್ದರೆ ನಮಗೆ ದಿನಗಟ್ಟಲೆ ಕರೆಂಟು ಇರುವುದಿಲ್ಲ. ಹೋದವರು ಹಿಂದಿರುಗಲಾಗದ ದಾರಿ ನಮಗೆ ಬೇಕಿರಲಿಲ್ಲ. ಅದರ ಬದಲು ತೋಟದ ಅಡ್ಡಕ್ಕೆ ಎರಡು ತಿರುವುಗಳಿರುವ, 1:20ರ ಹದವಾದ ಇಳಿಜಾರಿನ ಕಲ್ಲುಹಾದಿಯೊಂದನ್ನು ಕಣದವರೆಗೆ, ಅಲ್ಲಿಂದ ಹೊಳೆಯ ಕಡೆಗೆ ಮಾಡಿಸಿದ್ದೇವೆ. ಮೊದಲು ಹಾಕಿದ ಪೈಪಿನ ಹಿಡಿಗಂಬಿಯನ್ನು ತೋಟಕ್ಕೆ ಬಂದ ಕಾಡಾನೆ ಒಂದೇ ರಾತ್ರಿಯಲ್ಲಿ ಬಗ್ಗಿಸಿ ಹೋಯಿತು. ಈಗ ಅಲ್ಲಿ ಸೊಂಟದೆತ್ತರದ ಕಲ್ಲುಕಂಬಗಳೂ ಅವುಗಳ ನಡುವೆ ಹಗ್ಗವೂ ಇವೆ; ಹಗ್ಗ ಹೋದರೆ ಹೊಸದು ಕಟ್ಟಿಕೊಳ್ಳಬಹುದು. ಅಕ್ಟೋಬರ್‌ನ ಕಾವೇರಿ ಸಂಕ್ರಮಣಕ್ಕೆ ಅಜ್ಜಿ ಮತ್ತು ಮಾವ ಇಬ್ಬರೂ ಈ ಹಾದಿಯಲ್ಲೇ ನೀರಿನ ಅಂಚಿಗೆ ಹೋಗಿ ಬಂದರು, ಮಾವನವರ ಕುರ್ಚಿಯನ್ನು ಮಗ ತಳ್ಳಿದ.

ಒಂದು ಮಳೆಗಾಲ ಕಳೆದ ಮೇಲೆ ಸರಿಪಡಿಸಬೇಕಾದವೂ ಕೆಲವಿವೆ. ಮೇಲಿನ ಹಳಿಯಿಂದ ಜೋತುಬಿಟ್ಟ ಬಚ್ಚಲಿನ ಜಾರುಬಾಗಿಲು ತೇವಕ್ಕೆ ಉಬ್ಬಿ, ಜುಲೈ ಪೂರ್ತಿ ಒಂದು ಕೈಯಲ್ಲಿ ಎಳೆಯಲಾಗದಷ್ಟು ಬಿಗಿಯಾಗಿತ್ತು. ಆಚಾರಿ ಬಂದು ಅದನ್ನು ಉಜ್ಜಿ, ಅಂಚಿಗೆ ಎಣ್ಣೆ ಕುಡಿಸಬೇಕಿದೆ. ಬಾಗಿಲ ಹೊರಗಿನ ಕಿರುಚರಂಡಿಯ ಜಾಲರಿಯಲ್ಲಿ ಸಿಲ್ವರ್ ಓಕ್ ಎಲೆ ಸಿಕ್ಕಿಕೊಂಡು ನೀರು ನಿಲ್ಲುವುದರಿಂದ ಇನ್ನೂ ಅಗಲದ ಸಂದಿರುವ ಜಾಲರಿ ತರಿಸಬೇಕೆಂದು ನಾನು, ಸಂದು ಅಗಲವಾದರೆ ಅತ್ತೆಯ ಊರುಗೋಲು ಸಿಕ್ಕಿಬೀಳುತ್ತದೆಂದು ನನ್ನ ಗಂಡ. ಸದ್ಯಕ್ಕೆ ಮಗ ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಎಲೆ ಗುಡಿಸುತ್ತಾನೆ.